ನೋಯದ ಬೆರಳು

ಮಷಿನ್ ಎಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಬೆರಳನ್ನು ನಾನೇ ಚಿವುಟಿ ನೋಡಿಕೊಳ್ಳುತ್ತೇನೆ. ಗಾಯವಾದವರು ಸುಮ್ಮನಿದ್ದರೆ ಅವರನ್ನೇ ಮೊದಲು ವಿಚಾರಿಸುತ್ತೇನೆ, ನೀವೂ ವಿಚಾರಿಸಿ.

ರಾಯದುರ್ಗದ ಬಾಡಿಗೆ ಕೋಣೆಯಲ್ಲಿ ಅವ್ವ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಸೂಜಿ ಅವಳ ಎಡಗೈ ಕಿರುಬೆರಳಿಗೆ ಹೊಕ್ಕಿತು. ಅವಳು ಕೂಗಲಿಲ್ಲ. ಅಲ್ಲಿ ಹೊಲಿಯುವ ಎಲ್ಲರಂತೆ ಗಾಯಕ್ಕೆ ಮಷಿನ್ ಎಣ್ಣೆ ಹಾಕಿ, ಜೀನ್ಸ್ ಚಿಂದಿ ಸುತ್ತಿ, ಮತ್ತೆ ಹೊಲಿಯತೊಡಗಿದಳು.

“ಏನ್ ಗಟ್ಟಿಗಿತ್ತಿ ಅದೀಯವ್ವಾ! ನಾನಾಗಿದ್ರ ಓಣಿ ತುಂಬ ಕೂಗ್ತಿದ್ದೆ,” ಎಂದು ಪಕ್ಕದ ಮಷಿನ್ನಿನ ಗಂಗಕ್ಕ ನಕ್ಕಳು.

ಕುರಿ ಕಾಯುವ ಅಜ್ಜಿ ಹಿರೇಹಾಳಿನಿಂದ ಬಂದಿದ್ದಳು. ಅವಳು ನಗಲಿಲ್ಲ. ಚಿಂದಿ ಬಿಚ್ಚಿ ಬೆರಳಿಗೆ ಉಗುರು ಒತ್ತಿದಳು.

“ನೋಯ್ತೈತೇನ?”

“ಇಲ್ಲಬೇ. ಬಿಡು, ಸಂಜಿಗೆ ಮಾಲು ಕೊಡಬೇಕು.”

“ಯಾವಾಗಿಂದ ಹಿಂಗ?”

ಅವ್ವ ಮೊಣಕೈ ಹತ್ತಿರದ ಬಿಳಿಚಿದ ಮಚ್ಚೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.

“ನಾಯಿ ಬೊಗಳ್ಲಿಲ್ಲ ಅಂದ್ರ ತೋಳ ಬಂದಿಲ್ಲ ಅಂತಲ್ಲ ಮಗಳ. ನಾಯಿನೇ ಸತ್ತಿರತೈತಿ. ನಡಿ ದವಾಖಾನಿಗೆ.”

ಅಲ್ಲಿ ಡಾಕ್ಟರು ಮಚ್ಚೆ ನೋಡಿ, ಕುಷ್ಠದ ಅನುಮಾನವಿದೆ ಎಂದು ಹೇಳಿ, ಅವ್ವನ ಕಣ್ಣು ಮುಚ್ಚಿಸಿ, ಮುಟ್ಟಿದ್ದು ಗೊತ್ತಾದರೆ ಹೇಳು ಎಂದರು. ಎಡಗೈ ಕಿರುಬೆರಳಿನಿಂದ ಅಂಗೈ ಅಂಚಿನವರೆಗೆ ಪೆನ್ನಿನ ತುದಿ ಸರಿಯಿತು. ಅವ್ವ ಏನೂ ಹೇಳಲಿಲ್ಲ.

ಆಮೇಲೆ ಬಲಗೈ. ಪೆನ್ನು ತಾಗಿದ ಕೂಡಲೇ ಅವ್ವ, “ಹಾಂ, ಗೊತ್ತಾತ್ರಿ,” ಎಂದಳು.

ಎಡಗೈ ಮುಟ್ಟಿದ್ದು ಮಗಳಿಗೆ ಗೊತ್ತೇ ಆಗಿರಲಿಲ್ಲವೆಂದು ಆಗ ಖಾತ್ರಿಯಾಗಿ, ಗೋಡೆಗೆ ಒರಗಿ ನಿಂತಿದ್ದ ಅಜ್ಜಿ ಅಳತೊಡಗಿದಳು.