ಎಲ್ಲ ಬಲ್ಲವಳು

"ನಾಳೆಯಿಂದ ಬರ್ತೀನಿ ಅಂದಿದ್ದ ನರ್ಸಿಗೆ ಬೇಡ ಅಂತ ಹೇಳಿಬಿಟ್ಟೆ ಕಣೇ," ಎಂದ ಅಣ್ಣ, ಬಾಗಿಲಲ್ಲೇ ನಿಂತು ಷೂ ಬಿಚ್ಚುತ್ತಾ.

ತಂಗಿ ಆಗಷ್ಟೇ ಅಮ್ಮನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬೆನ್ನ ಕೆಳಗಿನ ಬೆಡ್‌ಶೀಟನ್ನು ಅರ್ಧದವರೆಗೆ ಸುತ್ತಿಟ್ಟಿದ್ದಳು. ರೋಗಿಯನ್ನು ಏಳಿಸದೆ ಬೆಡ್‌ಶೀಟ್ ಬದಲಿಸುವುದು ಒಂದು ವಾರದ ತರಬೇತಿಯಲ್ಲಿ ಕಲಿತದ್ದು. ಅಮ್ಮ ತೊಟ್ಟಿದ್ದ, ಬೆನ್ನ ಹಿಂದೆ ಲಾಡಿ ಕಟ್ಟುವ ಅಂಗಿ ಇಪ್ಪತ್ತು ದಿನದ ಹೊಲಿಗೆ ಕ್ಲಾಸಿನದು. ಸಿಕ್ಕಾಗದಂತೆ ಮೋಟಾಗಿ ಕತ್ತರಿಸಿದ ಆ ಕೂದಲು ಬರೀ ಹತ್ತು ದಿನದ ಪಾರ್ಲರ್ ಕೋರ್ಸಿನದು.

"ನಾಳೆ ನಾನು ಹೊರಡಬೇಕಲ್ಲಣ್ಣಾ."

ದೂರದ ಊರಿನ ಲೈಬ್ರರಿಯಲ್ಲಿ ಹಳೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಹನ್ನೆರಡು ದಿನದ ಕೋರ್ಸಿನಿಂದ ದಕ್ಕಿದ್ದು, ಅವಳ ಮೊಟ್ಟಮೊದಲ ನೌಕರಿ. ನಾಳೆ ಹಾಜರಾಗದಿದ್ದರೆ ಬೇರೆಯವರ ಪಾಲು.

"ಆ ಪುಸ್ತಕಗಳು ಇನ್ನೊಂದು ವರ್ಷ ಕಾಯ್ತವೆ. ಅಮ್ಮ ಕಾಯ್ತಾಳಾ? ಆ ನರ್ಸಿಗೆ ಸೂಜಿ ಚುಚ್ಚೋದು ಬಿಟ್ರೆ ಇನ್ನೇನು ಬರುತ್ತೆ? ನಿನಗೆ ಏನು ಬರಲ್ಲ ಹೇಳು!"

"ಅರೆಬರೆ ಪಂಡಿತೆ ಅಂತ ನೀನೇ ಆಡ್ಕೊಳ್ತಿದ್ದೆ."

"ತಮಾಷೆಗೆ ಅಂದಿದ್ದನ್ನ ಇನ್ನೂ ಹಿಡ್ಕೊಂಡು ಕೂತಿದ್ದೀಯಾ?" ಅವನು ಅವಳ ತಲೆಗೆ ಮೆಲ್ಲಗೆ ಮೊಟಕಿ, ಕೈಕಾಲು ತೊಳೆಯಲು ಹೋದ.

ಎದುರಾಡುವುದೊಂದನ್ನು ಅವಳು ಎಲ್ಲೂ ಕಲಿತಿರಲಿಲ್ಲ. ಬೆಡ್‌ಶೀಟ್ ಹಾಸಿ ಮುಗಿಸಿ, ಕನ್ನಡಿ ತಂದು ಅಮ್ಮನ ಮುಖಕ್ಕೆ ಹಿಡಿದಳು. ಲಕ್ವ ಹೊಡೆದು ನಾಲ್ಕು ತಿಂಗಳಾಯಿತು, ಅಮ್ಮನ ಬಾಯಲ್ಲಿ ಗೊರಗೊರ ಸದ್ದು ಬಿಟ್ಟರೆ ಮಾತಿಲ್ಲ. ಐದು ದಿನದ ಇನ್ನೊಂದು ಕೋರ್ಸಿನಲ್ಲಿ ಹೇಳಿಕೊಟ್ಟಿದ್ದಂತೆ ಅವಳು ಅಮ್ಮನ ಕೆನ್ನೆಗಳನ್ನು ಒತ್ತಿ, ತನ್ನ ತುಟಿಯನ್ನು ದುಂಡಗೆ ಮಾಡಿ ತೋರಿಸಿದಳು. "ಎಲ್ಲಿ, ಊ ಅನ್ನಮ್ಮಾ."

ಅಮ್ಮ ಕನ್ನಡಿಯತ್ತ ನೋಡಲೇ ಇಲ್ಲ. ಮೂಲೆಯಲ್ಲಿ ಕಟ್ಟಿಟ್ಟಿದ್ದ ಬ್ಯಾಗನ್ನು ನೋಡಿದಳು, ಮಗಳನ್ನು ನೋಡಿದಳು. ಸೊಟ್ಟ ತುಟಿ ಅದುರಿತು. ಜೊಲ್ಲು ಗಲ್ಲಕ್ಕಿಳಿಯಿತು.

"ಹೋ... ಗು."

"ಅಮ್ಮಾ?"

"ಹೋಗು. ಹೋಗು."

ಅಣ್ಣ ಒದ್ದೆ ಕಾಲಲ್ಲೇ ಓಡಿಬಂದ. ಅವನ ಕಣ್ಣು ತುಂಬಿಬಿಟ್ಟಿತ್ತು. "ಮಾತು ಬಂತಲ್ಲೇ! ಡಾಕ್ಟರೇ ಕೈಚೆಲ್ಲಿದ್ದರು!" ಎನ್ನುತ್ತಾ ತಂಗಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಅಮ್ಮ ಒಂದೇ ಸಮನೆ ಅದನ್ನೇ ಅನ್ನುತ್ತಿದ್ದಳು.

"ಎಲ್ಲಾ ನಿನ್ನ ಕೈಗುಣ, ಪುಟ್ಟೀ," ಎಂದ ಅಣ್ಣ. "ಇದು ಚೆನ್ನಾಗಿ ಬಂತು. ನಾಳೆ ಬೇರೆ ಮಾತು ಕಲಿಸು."