ಸೀಮೆಸುಣ್ಣದಲ್ಲಿ ಬರೆದ ಲಿಫ್ಟು

ನಾನು ಐದನೇ ಕ್ಲಾಸಿನಲ್ಲಿದ್ದಾಗ, ಒಂದು ಮಧ್ಯಾಹ್ನ, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ನಮ್ಮ ವಸತಿ ಸೊಸೈಟಿಯ ಅಂಗಳದಲ್ಲಿ ಅಮ್ಮನ ಪಕ್ಕ ನಿಂತಿದ್ದೆ. ಸೀಮೆಸುಣ್ಣದ ವಾಸನೆಗೆ ಈಗಲೂ ಅದು ಕಣ್ಣ ಮುಂದೆ ಬರುತ್ತದೆ. ಬೀದಿನಾಟಕದವರು ನೆಲದ ಮೇಲೆ ಚೌಕ ಬರೆದು, ಇದು ಲಿಫ್ಟು, ಮನೆಗೆಲಸದವರು ಹತ್ತುವಂತಿಲ್ಲ ಎಂದರು. ಕಥೆ ಬದಲಿಸಬೇಕೆನಿಸಿದವರು ಚಪ್ಪಾಳೆ ತಟ್ಟಿ ಒಳಗೆ ಬರಬಹುದಿತ್ತು.

ತಟ್ಟಿದ್ದು ನಮ್ಮ ಮನೆಗೆಲಸದ ಶರಣಮ್ಮ. ಚೌಕದೊಳಗೆ ನಿಂತು ಅಮ್ಮನನ್ನೇ ನೋಡಿ, "ಮೊಣಕಾಲ ನೋಯ್ತಾವ್ರಿ ಅಕ್ಕಾರ, ಐದ ಮಾಳಿಗಿ ಹ್ಯಾಂಗ ಹತ್ಲಿ?" ಎಂದಳು.

"ಎಂತ ವೇಷ ನಿನ್ನದು? ಹೊರಗೆ ಬಾ. ನಾಳೆಯಿಂದ ಕೆಲಸ ಬೇಡವಾ?" ಎಂದಳು ಅಮ್ಮ.

ಕನ್ನಡ ಬಾರದ ಜನ ಅಮ್ಮನೂ ಪಾತ್ರ ಮಾಡುತ್ತಿದ್ದಾಳೆಂದುಕೊಂಡು ಜೋರಾಗಿ ಚಪ್ಪಾಳೆ ಹೊಡೆದರು. ಅಮ್ಮ ನಕ್ಕಳು. ಶರಣಮ್ಮ ಗೆರೆ ತುಳಿಯದಂತೆ ಹೊರಬಂದು ಮೆಟ್ಟಿಲ ಕಡೆ ನಡೆದಳು. ನಾನೂ ಅಮ್ಮನೂ ಲಿಫ್ಟಿನಲ್ಲಿ ಮೇಲೆ ಹೋದೆವು.

ಆ ಮಧ್ಯಾಹ್ನವನ್ನು ಕಂಡವರಲ್ಲಿ ಅಮ್ಮ ಇನ್ನೂ ಬದುಕಿದ್ದಾಳೆ. ಶರಣಮ್ಮನೂ ಇದ್ದಾಳೆ, ಇಲ್ಲೇ ಹತ್ತಿರದ ಉಲ್ಹಾಸನಗರದಲ್ಲಿ, ತನ್ನ ಮಗಳ ಮನೆಯಲ್ಲಿ.