ಕಳಿಸಿದವರ ಹೆಸರು

ಆ ಊರಿನಲ್ಲಿ ಕ್ಷಮೆ ಕೇಳಿ ಇಮೇಲ್ ಕಳಿಸುವವರು ಮೊದಲು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು ಕೂರುತ್ತಿದ್ದರು. ಓದಿದವರ ನೋವು ಕಳಿಸಿದವರ ಎದೆಗೆ ಬಂದು ಸೇರುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಬಣ್ಣದ ಕಾರ್ಖಾನೆಯಿಂದ ಅನಿಲ ಸೋರಿ ನಲವತ್ತು ಮನೆಗಳಲ್ಲಿ ಸಾವಾಗಿತ್ತು. ಅಷ್ಟೂ ಮನೆಗಳಿಗೆ ಒಂದೇ ಸಲ ಕ್ಷಮಾಪಣೆ ಹೋಗುವಂತೆ ಪ್ರೋಗ್ರಾಂ ಬರೆಯುವ ಕೆಲಸ ಶಾಂಭವಿಯದು.

"ಕಳಿಸಿದವರು ಅನ್ನೋ ಕಡೆ ವಾಚ್‌ಮನ್ ಹುಸೇನಸಾಬನ ಹೆಸರು ಹಾಕ್ರಿ," ಎಂದ ಮ್ಯಾನೇಜರ್ ದೇಸಾಯಿ. "ಅವ ಒಪ್ಪ್ಯಾನ."

"ಒಪ್ಪಲಿಲ್ಲಂದ್ರ ಕೆಲಸದಾಗ ಇಟ್ಕೋತಿದ್ರೇನ್ರಿ?"

ಶಾಂಭವಿಗೆ ಸಿಟ್ಟು ತಡೆಯಲಾಗಲಿಲ್ಲ. ಅವನ ಎದುರಿಗೇ ಹೆಸರು ತುಂಬುವ ಆ ಜಾಗವನ್ನು ಅಳಿಸಿಹಾಕಿದಳು.

"ಈಗ ಬಟನ್ ಒತ್ತಿದವರೇ ಕಳಿಸಿದವರು. ಒತ್ರಿ."

ಐದು ಗಂಟೆಯೊಳಗೆ ಕ್ಷಮೆ ಕೇಳದಿದ್ದರೆ ಕಾರ್ಖಾನೆಗೆ ಬೀಗ ಹಾಕಿಸುವುದಾಗಿ ಕೋರ್ಟ್ ಹೇಳಿತ್ತು. ದೇಸಾಯಿ ಗಡಿಯಾರ ನೋಡಿದ, ಅವಳನ್ನು ಬೈಯುತ್ತಲೇ ಒತ್ತಿದ.

ಎರಡು ನಿಮಿಷದಲ್ಲಿ ಯಾರೋ ಓದಿದರು. ದೇಸಾಯಿ ಎದೆ ಹಿಡಿದು ಮೇಜಿನ ಮೇಲೆ ಬಾಗಿದ. ತಾನು ನೋಡಿಯೇ ಇರದ ಮಗುವೊಂದರ ಹೆಸರು ಹಿಡಿದು ಅಳತೊಡಗಿದ.

"ಇನ್ನ ಎಷ್ಟು ಮಂದಿ ಅದಾರ?" ಎಂದು ಬಿಕ್ಕುತ್ತ ಕೇಳಿದ.

"ಮೂವತ್ತೊಂಬತ್ತು ಮನಿ."

ಶಾಂಭವಿ ಅವನ ಮುಂದೆ ನೀರಿನ ಲೋಟ ಇಟ್ಟಳು. ಅವಳ ಸಿಟ್ಟು ಮಾತ್ರ ಇಳಿದಿರಲಿಲ್ಲ.